ತಾಯಿಯ ಮುಂದಿನ ಮನೆ: ಒಂದು ಆಪ್ತಸಲಹೆ ಪ್ರಕರಣ

ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಮೂಡಿಗೆರೆ ಕಡೆಯಿಂದ ಹಾಸನಕ್ಕೆ, ನನ್ನ ಬಳಿಗೆ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಪತಿ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಇದ್ದು, ಅಡುಗೆಯಿಂದ ಹಿಡಿದು ಕಾಫಿ ಕೊಯ್ಲಿನ ಲೆಕ್ಕದವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫೋನೂ ಸಿಗದಾದಾಗ ಹೊರದೇಶದಲ್ಲಿರುವ ಮಗನಿಗೆ ಜೀವವೇ ಬಾಯಿಗೆ ಬರುತ್ತದೆ. ಆತ ಬೆಂಗಳೂರಿನ ಹೊರವಲಯದಲ್ಲಿ ಹಿರಿಯರ ವಸತಿ ಸಮುಚ್ಚಯವೊಂದನ್ನು ಗೊತ್ತುಮಾಡಿ, ಮನೆ ಮಾರಿ ಅಲ್ಲಿಗೆ ಹೋಗುವಂತೆ ಒತ್ತಾಯಿಸುತ್ತಿದ್ದ.

ಮಾತಾಡುತ್ತ ಹೋದಂತೆ, ಅವರಿಗೆ ಮನೆ ಬದಲಿಸುವುದಕ್ಕಿಂತ ತಮ್ಮನ್ನು ಒಂದು ಮಾತೂ ಕೇಳದೆ ಜಾಗ ನಿಶ್ಚಯವಾದದ್ದೇ ಹೆಚ್ಚು ನೋವು ತಂದಿದೆ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಮಗನನ್ನೂ ವಿಡಿಯೋ ಕರೆಯಲ್ಲಿ ಸೇರಿಸಿಕೊಂಡು, ಆಯ್ಕೆ ತಾಯಿಯದೇ ಆಗಬೇಕೆಂದು ಮೊದಲು ಒಪ್ಪಿಸಿದೆ.

ನಾನು ಬಹಳ ಹೊತ್ತು ಚರ್ಚಿಸಿದ್ದು ಒಂದೇ ಪ್ರಶ್ನೆಯನ್ನು: ಇಂದು ಓಡಾಡಿಕೊಂಡಿರುವವರು ನಾಳೆ ಬಿದ್ದು ಸೊಂಟ ಮುರಿದುಕೊಂಡರೆ, ಅಥವಾ ಮರೆವು ಹೆಚ್ಚಾದರೆ, ಅದೇ ಆವರಣದಲ್ಲಿ ಶುಶ್ರೂಷೆ ಸಿಗುತ್ತದೆಯೋ ಅಥವಾ ಕೊಠಡಿ ಬಿಟ್ಟುಕೊಡಿ ಎನ್ನುತ್ತಾರೋ? ಈಜುಕೊಳ, ಉದ್ಯಾನಗಳ ಚಿತ್ರಗಳಿಗಿಂತ ಇದಕ್ಕೆ ಸಿಗುವ ಲಿಖಿತ ಉತ್ತರವೇ ಮುಖ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಜಾರದ ನೆಲ, ಸ್ನಾನದಮನೆಯಲ್ಲಿ ಹಿಡಿಕಂಬಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ರಾತ್ರಿ ಕರೆದರೆ ಬರುವವರು ಯಾರು ಎಂಬುದನ್ನು ಕಣ್ಣಾರೆ ನೋಡಿ ಬರುವಂತೆ ತಿಳಿಸಿದೆ. ಕೇಂದ್ರ ವಸತಿ ಸಚಿವಾಲಯವು 2019ರಲ್ಲಿ ನಿವೃತ್ತರ ವಸತಿಗಳಿಗೆಂದೇ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಕೈಯಲ್ಲಿ ಹಿಡಿದೇ ವಿಚಾರಿಸಬಹುದು.

ಹಣದ ವಿಷಯದಲ್ಲಿ, ಕೊಡುವ ಮೊತ್ತ ಕ್ರಯದ್ದೋ, ಗುತ್ತಿಗೆಯದೋ, ಮರಳಿ ಬರುವ ಠೇವಣಿಯೋ, ತಿಂಗಳ ನಿರ್ವಹಣಾ ಶುಲ್ಕ ಏರುವುದು ಯಾವ ಲೆಕ್ಕದಲ್ಲಿ ಎಂಬುದನ್ನು ವಕೀಲರಿಗೆ ತೋರಿಸಲು ಹೇಳಿದೆ. ಮಗನಿಗೆ ತೋಟವನ್ನು ದಾನಪತ್ರ ಮಾಡಿಕೊಡುವ ಯೋಚನೆಯೂ ಅವರಿಗಿತ್ತು. ಹಾಗೆ ಮಾಡುವುದಾದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಷರತ್ತು ಮುರಿದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ವರ್ಗಾವಣೆಯನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ.

ಮನೆಯನ್ನು ಮಾತ್ರ ಈಗಲೇ ಮಾರಬಾರದು, ಮೊದಲು ಕೆಲವು ವಾರ ಅಲ್ಲಿ ಇದ್ದು ನೋಡಿ ಎಂದೆ. ಪರಿಚಯದವರು ಹತ್ತಿರವಿದ್ದಾರೆಂಬ ಕಾರಣಕ್ಕೆ ಅವರು ಬೆಂಗಳೂರನ್ನು ಬಿಟ್ಟು ಮೈಸೂರಿನ ಒಂದು ಸಮುಚ್ಚಯವನ್ನು ತಾವೇ ಹುಡುಕಿಕೊಂಡರು. ಮುಂದಿನ ಮಳೆಗಾಲವನ್ನು ಅಲ್ಲಿ ಕಳೆದು, ಕೊಯ್ಲಿನ ಹೊತ್ತಿಗೆ ತೋಟಕ್ಕೆ ಮರಳಿ ಬಂದ ಮೇಲೆಯೇ ತೀರ್ಮಾನಿಸುವುದೆಂದು ತಾಯಿ ಮಗ ಇಬ್ಬರೂ ಒಪ್ಪಿದ್ದಾರೆ.