ನದಿ ಪಕ್ಕದಲ್ಲೇ ಇದೆ, ಬಿತ್ತನೆಗೆ ಮಾತ್ರ ನೀರಿಲ್ಲ!

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಲಡಾಖ್‌ಗೆ ಹೋಗಿದ್ದೆವು. ಸಿಂಧೂ ನದಿ ಕಣ್ಣೆದುರೇ ಹರಿಯುತ್ತಿತ್ತು. ಹಿಮನದಿಗಳು ಬೇಗ ಕರಗುತ್ತಿವೆ ಅಂತಾರೆ, ಹಾಗಾದರೆ ನೀರು ಜಾಸ್ತಿ ಆಗಬೇಕು ಅಲ್ವಾ? ನಾವು ಇಳಿದುಕೊಂಡ ಮನೆಯ ಅಮ್ಮ ಬಿತ್ತನೆಗೆ ನೀರಿಲ್ಲ ಅಂತ ಒದ್ದಾಡುತ್ತಿದ್ದರು. ಇದೇನು ಲೆಕ್ಕ?
– ಓದುಗರೊಬ್ಬರು, ಹಾಸನ

ಉತ್ತರ: ಲೇಹ್‌ಗೆ ಕೆಲಸದ ಮೇಲೆ ಹೋದ ಮೊದಲ ವರ್ಷ ನಾನೂ ಇದನ್ನೇ ಕೇಳಿದ್ದೆ. ಮಂಡ್ಯದ ನಾಲೆ ಬದಿಯಲ್ಲಿ ಬೆಳೆದವನು, ನದಿ ಇದ್ದ ಕಡೆ ನೀರಿಗೇನು ಬರ ಅಂತ ನನ್ನ ಲೆಕ್ಕ.

ಸಿಂಧೂ ಹರಿಯುವುದು ಕಣಿವೆಯ ತಳದಲ್ಲಿ. ಲೇಹ್ ಊರು ಸುಮಾರು 3,500 ಮೀಟರ್ ಎತ್ತರದಲ್ಲಿದೆ, ನದಿ ಅದಕ್ಕಿಂತ 250 ಮೀಟರಿಗೂ ಹೆಚ್ಚು ಕೆಳಗೆ. ಹಳ್ಳಿಗಳ ಹೊಲಕ್ಕೆ ಆಧಾರ ಬೆಟ್ಟದ ಮೇಲಿನ ಹಿಮ ಕರಗಿ ಇಳಿಯುವ ಸಣ್ಣ ತೊರೆಗಳು. ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 100 ಮಿ.ಮೀ. ನಮ್ಮ ಚಳ್ಳಕೆರೆಯಲ್ಲೂ ಇದರ ಮೂರು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ.

ಬಾರ್ಲಿ ಬಿತ್ತುವುದು ಏಪ್ರಿಲ್-ಮೇನಲ್ಲಿ. ತಡವಾದರೆ ತೆನೆ ಬಲಿಯುವ ಮೊದಲೇ ಚಳಿ ಬಂದುಬಿಡುತ್ತದೆ. ಹಿಮನದಿಗಳಿರುವುದು 5,000 ಮೀಟರಿನ ಆಸುಪಾಸು ಮತ್ತು ಅದಕ್ಕೂ ಮೇಲೆ. ಅಲ್ಲಿಂದ ನೀರು ಇಳಿಯುವಷ್ಟರಲ್ಲಿ ಜೂನ್. ಈ ನಡುವೆ ಕೈಹಿಡಿಯುತ್ತಿದ್ದದ್ದು ಊರ ಹತ್ತಿರದ ಇಳಿಜಾರಿನಲ್ಲಿ ಬಿದ್ದ ಚಳಿಗಾಲದ ಹಿಮ. ಅದನ್ನು ಈಗ ನಂಬುವ ಹಾಗಿಲ್ಲ. ಹಿಮನದಿ ಬೇಗ ಕರಗಿದರೆ ಕೆಲವು ವರ್ಷ ನೀರು ಹೆಚ್ಚುವುದು ನಿಜ. ಆದರೆ ಅದು ಬರುವುದು ಜುಲೈ-ಆಗಸ್ಟಿನಲ್ಲಿ. ಇಟ್ಟ ಗಂಟು ಕರಗಿಸಿ ತಿಂದ ಹಾಗೆ ಬೇರೆ.

ಇದಕ್ಕೊಂದು ದಾರಿ ಹುಡುಕಿದವರು ಚೆವಾಂಗ್ ನೊರ್ಫೆಲ್, ಸರ್ಕಾರಿ ಸಿವಿಲ್ ಇಂಜಿನಿಯರ್. ಪೈಪು ಒಡೆಯದಿರಲಿ ಅಂತ ಅಲ್ಲಿ ಚಳಿಗಾಲದಲ್ಲಿ ನಲ್ಲಿಯನ್ನು ಬಿಟ್ಟೇ ಇರುತ್ತಾರೆ. ಹಾಗೆ ಸುಮ್ನೆ ಹರಿದ ನೀರು ಮರದ ನೆರಳಲ್ಲಿ ಹೆಪ್ಪುಗಟ್ಟಿದ್ದನ್ನು ಅವರು ಕಂಡರು. 1987ರಲ್ಲಿ ಫುಕ್ತ್ಸೆ ಎಂಬ ಹಳ್ಳಿಯಲ್ಲಿ ತೊರೆಯನ್ನು ನೆರಳಿನ ಮಗ್ಗುಲಿಗೆ ತಿರುಗಿಸಿ ಕಲ್ಲಿನ ಅಡ್ಡಗೋಡೆ ಕಟ್ಟಿಸಿದರು. ನೀರು ನಿಧಾನವಾಗಿ, ತೆಳ್ಳಗೆ ಹರಡಿ ಗಡ್ಡೆಯಾಯಿತು. ಹಿಮನದಿಗಿಂತ ತಗ್ಗಿನಲ್ಲಿರುವುದರಿಂದ ಬಿತ್ತನೆ ಹೊತ್ತಿಗೇ ಕರಗುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಲಡಾಖಿನವರೇ ಆದ ಇಂಜಿನಿಯರ್ ಸೋನಮ್ ವಾಂಗ್‌ಚುಕ್ ಅವರ ಹಿಮಸ್ತೂಪ ಶುರುವಾದದ್ದು 2013ರ ಚಳಿಗಾಲದಲ್ಲಿ. ಮೇಲಿಂದ ಪೈಪಿನಲ್ಲಿ ಇಳಿದ ನೀರು ಪಂಪಿಲ್ಲದೆ ಚಿಮ್ಮಿ, ರಾತ್ರಿಯ ಚಳಿಗೆ ಗಟ್ಟಿಯಾಗಿ, ರಾಗಿ ರಾಶಿಯ ಹಾಗೆ ಏರುತ್ತದೆ. ಬಿಸಿಲು ತಾಗುವ ಮೈ ಕಡಿಮೆ, ಅದಕ್ಕೇ ಬೇಗ ಕರಗುವುದಿಲ್ಲ. 2015ರಲ್ಲಿ ಫ್ಯಾಂಗ್ ಹಳ್ಳಿಯದು ಸುಮಾರು 20 ಮೀಟರ್ ಎತ್ತರವಿತ್ತು, ಜುಲೈವರೆಗೂ ಬಾಳಿತು.

ಫೋಟೋದಲ್ಲಿ ಕಾಣುವಷ್ಟು ಸುಲಭ ಅಲ್ಲ ಬಿಡಿ. ಒಂದು ಹಳ್ಳಿಯಲ್ಲಿ ನಾನೂ ಕೈಜೋಡಿಸಿದ್ದೆ. ಜನವರಿಯ ಒಂದು ರಾತ್ರಿ ಚಿಮ್ಮುವ ಬಾಯಿ ಕಟ್ಟಿಕೊಂಡಿತು. ನೀರು ನಿಂತದ್ದೇ ತಡ, ಬೆಳಗಾಗುವುದರೊಳಗೆ ಪೈಪಿನ ತುಂಬ ಮಂಜುಗಡ್ಡೆ. ತುಂಡು ತುಂಡಾಗಿ ಬಿಚ್ಚಿ, ಕೆಟಲ್‌ನಲ್ಲಿ ಕಾಯಿಸಿದ ನೀರು ಸುರಿಯುತ್ತಾ ಕೂತೆವು. ನನ್ನ ಒಂದು ಕೈಗವಸು ಪೈಪಿಗೆ ಅಂಟಿ ಅಲ್ಲೇ ಉಳಿಯಿತು.

ಇವೆರಡಕ್ಕಿಂತ ನನಗೆ ಹಿಡಿಸಿದ್ದು ಚುರ್ಪೋನ್. ಅಂದರೆ ನಮ್ಮ ನೀರುಗಂಟಿ. ತೊರೆಯ ನೀರು ರಾತ್ರಿ ‘ಜಿಂಗ್’ ಎಂಬ ಪುಟ್ಟ ಕಟ್ಟೆಯಲ್ಲಿ ತುಂಬುತ್ತದೆ. ಬೆಳಿಗ್ಗೆ ಚುರ್ಪೋನ್ ಬಂದು ತೂಬು ಬಿಚ್ಚುತ್ತಾರೆ. ಒಬ್ಬರ ಕಾಲುವೆ ಬಾಯಿಂದ ಹುಲ್ಲು ಸಮೇತ ಹೆಂಟೆ ಕಿತ್ತು, ಅದನ್ನೇ ಪಕ್ಕದವರ ಬಾಯಿಗಿಟ್ಟು ತುಳಿಯುತ್ತಾರೆ. ಜಗಳ ಬಂದರೆ ಅವರ ಮಾತೇ ಕಡೆ. ಹಿಮಸ್ತೂಪದ ನೀರನ್ನೂ ಯಾರಾದರೂ ಹೀಗೆ ಹಂಚಲೇಬೇಕಲ್ಲ? ಹುಡುಗರು ಟ್ಯಾಕ್ಸಿ, ಹೋಂಸ್ಟೇ ಅಂತ ಲೇಹ್ ಸೇರಿದ್ದಾರೆ. ನಾನಿದ್ದ ಹಳ್ಳಿಯಲ್ಲಿ ಸಲಿಕೆ ಹಿಡಿದವರಿಗೆ ಎಪ್ಪತ್ತು ದಾಟಿತ್ತು.

ಪ್ರಶ್ನೆ: ಹಿಮಸ್ತೂಪ ಕಟ್ಟುತ್ತಾ ಹೋದರೆ ಹಿಮನದಿ ಮತ್ತೆ ಬೆಳೆಯುತ್ತದೆಯೇ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲಮ್ಮ. ಚಳಿಗಾಲದ ನೀರನ್ನು ಬೇಸಿಗೆಗೆ ಎತ್ತಿಡುವುದು, ಅಷ್ಟೇ. ತೊರೆಯೇ ಬತ್ತಿದರೆ ಸ್ತೂಪವೂ ಇಲ್ಲ. ಲಡಾಖಿನದೇ ಜಂಸ್ಕಾರ್ ಕಣಿವೆಯ ಕುಮಿಕ್ ಹಳ್ಳಿಯ ಎಷ್ಟೋ ಮನೆಯವರು ನೀರು ಸಾಲದೆ ಕೆಳಗೆ ಹೊಸ ಊರು ಕಟ್ಟಿಕೊಳ್ಳಬೇಕಾಯಿತು.

ಪ್ರಶ್ನೆ: ಜೂನ್‌ನಲ್ಲಿ ಲೇಹ್‌ಗೆ ಹೋಗುತ್ತಿದ್ದೇವೆ. ಎಂಥ ಕಡೆ ಇಳಿದುಕೊಂಡರೆ ಒಳ್ಳೆಯದು?
– ನಿವೃತ್ತ ದಂಪತಿ, ಮೈಸೂರು

ಉತ್ತರ: ಹಳೆಯ ಕಾಲದ ಒಣ ಶೌಚಾಲಯ ಇರುವ ಮನೆ ಹುಡುಕಿ. ಫ್ಲಶ್ ಇರುವ ಹೋಟೆಲುಗಳಲ್ಲಿ ಬೋರ್‌ವೆಲ್ ನೀರು ಸುರಿದುಹೋಗುತ್ತದೆ. ಒಣ ಶೌಚಾಲಯಕ್ಕೆ ತೊಟ್ಟು ನೀರೂ ಬೇಡ, ಗೊಬ್ಬರ ಹೊಲಕ್ಕೆ ಹೋಗುತ್ತದೆ. ಮೊದಲ ದಿನ ಮುಜುಗರ ಆಗುತ್ತದೆ, ನನಗೂ ಆಗಿತ್ತು. ಮೇಲೆ ಮುಚ್ಚಲು ಮಣ್ಣಿನ ರಾಶಿ, ಸಲಿಕೆ ಒಳಗೇ ಇರುತ್ತವೆ.