ಸೀರೆ ಅಂಚಿನ ಗೋಪುರ ಲೇಸಲ್ಲಿ ಬರುತ್ತಾ?

ಪ್ರಶ್ನೆ: ಮೇಡಂ, ಟಾರ್ಶನ್ ಬಾಬಿನ್ ಲೇಸ್ (ದಿಂಬಿನ ಮೇಲೆ ಪಿನ್ ಚುಚ್ಚಿ, ಬಾಬಿನ್ ಅನ್ನೋ ಕಡ್ಡಿಗಳಿಗೆ ಸುತ್ತಿದ ದಾರ ಹೆಣೆದು ಮಾಡೋ ಲೇಸ್) ಕಲೀತಿದೀನಿ, ರೆಡಿ ಪ್ಯಾಟರ್ನ್ ಇದ್ರೆ ಮಾಡ್ತೀನಿ. ನಮ್ಮಜ್ಜಿ ಮೊಳಕಾಲ್ಮೂರು ಸೀರೆ ಅಂಚಲ್ಲಿರೋ ಗೋಪುರಾನ ಬ್ಲೌಸ್ ತೋಳಿಗೆ ಲೇಸ್ ಮಾಡೋ ಆಸೆ. ಅಂಚನ್ನ ಹಂಗೇ ಟ್ರೇಸ್ ಮಾಡಿ ಪಿನ್ ಚುಚ್ಚಿದ್ರೆ ಆಕಾರನೇ ಬರ್ತಿಲ್ಲ. ಜರಿ ಸೇರಿಸ್ಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಎಂಥ ಒಳ್ಳೆ ಆಸೆ, ಖಂಡಿತ ಮಾಡಿ, ಆದ್ರೆ ಟ್ರೇಸಿಂಗ್ ಬಿಟ್ಬಿಡಿ. ಮಗ್ಗದಲ್ಲಿ ಹಾಸು ಉದ್ದಕ್ಕೆ ಹೊಕ್ಕು ಅಡ್ಡಕ್ಕೆ, ಅದಕ್ಕೇ ಸೀರೆ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ, ಟಾರ್ಶನ್ ಜಾಲದಲ್ಲಿ ದಾರ 45 ಡಿಗ್ರಿ ಓರೆಯಾಗಿ ಹೋಗುತ್ತೆ, ಹಂಗಾಗಿ ದಾರ ಹೋಗೋ ದಾರೀಲೇ ಗೋಪುರಾನ ಹೊಸದಾಗಿ ಬರ್ಕೋಬೇಕು. ಗ್ರಾಫ್ ಶೀಟಲ್ಲಿ 3 ಮಿ.ಮೀ.ಗೊಂದು ಗೆರೆ ಎಳೆದು, ಒಂದು ಸಾಲಲ್ಲಿ ಒಂದು ಬಿಟ್ಟು ಒಂದು ಚುಕ್ಕೆ, ಮುಂದಿನ ಸಾಲಲ್ಲಿ ಬಿಟ್ಟ ಜಾಗಕ್ಕೆ ಚುಕ್ಕೆ, ನಮ್ಮ ಸಂದು ಚುಕ್ಕಿ ರಂಗೋಲಿ ಥರಾನೇ. ಗೋಪುರದ ಬುಡ, ಬ್ಲೌಸಿಗೆ ಹೊಲಿಯೋ ಅಂಚಿನ ಕಡೆ ಇರ್ಲಿ, ಅಲ್ಲಿ ಪಿನ್ ನೆಟ್ಟಗೆ ಒಂದೇ ಗೆರೇಲಿ, ಓರೆ ಕಡೆ ಮಾತ್ರ ತುದಿವರೆಗೂ ಪಿನ್ನಿಗೊಂದು ಜೋಡಿ (ಎರಡು ಬಾಬಿನ್ ದಾರ) ಒಳಗೆ ತಗೊಳ್ಳಿ, ತುದಿ ದಾಟಿದ್ಮೇಲೆ ಪಿನ್ನಿಗೊಂದು ಜೋಡಿ ಹೊರಗೆ ಬಿಡಿ. ತುದಿಯಾಚೆಗೂ ಒಂದಿಷ್ಟು ಜಾಲ ಬೇಕೇ ಬೇಕು, ಒಳಗೆ ಬರೋ ಜೋಡಿಗಳು ಬರೋದೇ ಅಲ್ಲಿಂದ. ಗೋಪುರದ ಮೈಗೆ ಕ್ಲಾತ್ ಸ್ಟಿಚ್, ಅಂದ್ರೆ ಕ್ರಾಸ್ ಟ್ವಿಸ್ಟ್ ಕ್ರಾಸ್ (ಕ್ರಾಸ್ ಅಂದ್ರೆ ನಾಲ್ಕು ಎಳೇಲಿ ನಡುವಿನೆರಡರಲ್ಲಿ ಎಡದ್ದು ಬಲದ್ದರ ಮೇಲೆ, ಟ್ವಿಸ್ಟ್ ಅಂದ್ರೆ ಪ್ರತಿ ಜೋಡೀಲಿ ಬಲದ್ದು ಎಡದ್ದರ ಮೇಲೆ), ಸುತ್ತ ಜಾಲಕ್ಕೆ ಹಾಫ್ ಸ್ಟಿಚ್ (ಕ್ರಾಸ್ ಟ್ವಿಸ್ಟ್), ಪಿನ್, ಮತ್ತೆ ಹಾಫ್ ಸ್ಟಿಚ್.

ಹಿಂಗೆ ಮಾಡಿದ್ರೆ ತುದಿ 90 ಡಿಗ್ರಿ ಬರುತ್ತೆ, ಗೋಪುರ ಸ್ವಲ್ಪ ಕುಳ್ಳು ಅನ್ಸುತ್ತೆ. ಎತ್ತರ ಬೇಕಂದ್ರೆ ಲೇಸಿನ ಅಗಲದ ಕಡೆ ಗೆರೆ ಅಂತರ 4 ಮಿ.ಮೀ. ಮಾಡಿ, ಉದ್ದದ ಕಡೆ 3 ಇರ್ಲಿ. ನಂಗಂತೂ ಎತ್ತರದ್ದೇ ಚೆಂದ.

ದಾರ ಆರಿಸೋಕೆ ಒಂದು ಸುಲಭ ಲೆಕ್ಕ: ಹೊಲಿಯೋ ಅಂಚಿನ ಎರಡು ಪಿನ್ ಮಧ್ಯೆ ಎಷ್ಟು ಜಾಗ ಇದೆಯೋ, ನಿಮ್ಮ ಗ್ರಾಫಲ್ಲಿ 6 ಮಿ.ಮೀ., ಸ್ಕೇಲ್ ಮೇಲೆ ಅಷ್ಟು ಜಾಗಕ್ಕೆ ದಾರ ಒತ್ತೊತ್ತಾಗಿ ಸುತ್ತಿದ್ರೆ 10ರಿಂದ 12 ಸುತ್ತು ಹಿಡೀಬೇಕು. ಕಮ್ಮಿ ಹಿಡಿದ್ರೆ ದಾರ ದಪ್ಪ ಆಯ್ತು, ಜಾಸ್ತಿ ಹಿಡಿದ್ರೆ ಗೋಪುರ ಜಾಳುಜಾಳು.

ಜರಿ ಧಾರಾಳವಾಗಿ ಹಾಕಿ, ಆದ್ರೆ ನೇಯೋ ಜೋಡಿಗೆ ಬೇಡ, ತಿರುಚಿ ತಿರುಚಿ ಕೆಡುತ್ತೆ. ಗೋಪುರದ ಸುತ್ತ ಗಿಂಪ್ ದಾರ (ಆಕಾರದ ಅಂಚು ಎದ್ದು ಕಾಣೋಕೆ ಹಾಕೋ ದಾರ) ಮಾಡ್ಕೊಂಡು ಪ್ರತಿ ಜೋಡಿಯ ಎರಡು ಎಳೆ ಮಧ್ಯೆ ದಾಟಿಸಿ, ಮುಂಚೆ ಒಂದು ಟ್ವಿಸ್ಟ್ ಆಮೇಲೊಂದು ಟ್ವಿಸ್ಟ್. ಈ ಕಲೆ ಹೋದಲ್ಲೆಲ್ಲ ಆ ಊರಿನ ಕೈಗೆ ಒಗ್ಗಿದೆ, ತಮಿಳುನಾಡಿನ ನಾಗರಕೋಯಿಲ್‌ನಲ್ಲಿ 1820ರ ಹೊತ್ತಿಗೇ ಇಂಗ್ಲೆಂಡಿನ ಮಿಷನರಿ ಮಾರ್ಥಾ ಮಾಲ್ಟ್ ಕಲಿಸೋಕೆ ಶುರು ಮಾಡಿದ್ರು, ಮೊಳಕಾಲ್ಮೂರು ಗೋಪುರ ಯಾಕೆ ಬರಬಾರದು?

ಪ್ರಶ್ನೆ: ಹತ್ತಿ ದಿಂಬಲ್ಲಿ ಪಿನ್ ವಾಲುತ್ತೆ, ಏನ್ ಮಾಡ್ಲಿ?
– ಓದುಗರು, ದಾವಣಗೆರೆ

ಉತ್ತರ: ಹತ್ತಿ ಮೆತ್ತಗಾಯ್ತು. ಸಾಮಿಲ್ಲಿಂದ ಮರದ ಹೊಟ್ಟು ತಂದು, ಜರಡಿ ಹಿಡಿದು, ಒಣಗಿಸಿ, ದಪ್ಪ ಕಾಟನ್ ಚೀಲಕ್ಕೆ ಗುದ್ದಿ ಗುದ್ದಿ ತುಂಬಿ. ಹೆಬ್ಬೆರಳಲ್ಲಿ ಒತ್ತಿದ್ರೂ ತಗ್ಗು ಬೀಳಬಾರದು. ಪಿನ್ ಮಾತ್ರ ತುಕ್ಕು ಹಿಡೀದೇ ಇರೋದೇ ತಗೊಳ್ಳಿ, ಬಿಳಿ ದಾರಕ್ಕೆ ತುಕ್ಕಿನ ಕಲೆ ಹತ್ತಿದ್ರೆ ಹೋಗಲ್ಲ.