ಡೇಟ್ ಹಾಳಾದ ಮೇಲೆ ಅವಳು ಯಾರಿಗೆ ಫೋನ್ ಮಾಡುತ್ತಾಳೆ?

ದೊಡ್ಡ ಊರಲ್ಲಿ ಒಬ್ಬಳೇ ಇರುವ ಹುಡುಗಿ, ಸಾಲು ಸಾಲು ಡೇಟ್‌ಗಳು, ಕೊನೆಗೆ ಒಬ್ಬ ರಾಜಕುಮಾರ. ಇಂಥ ರೊಮ್ಯಾಂಟಿಕ್ ಕಾಮಿಡಿಗಳಲ್ಲಿ ನಿಜ ಅನ್ನುವುದು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಹೀರೋ ಇರುವ ಕಡೆ ಹುಡುಕಬೇಡಿ.

ನಾನೂ ಕೆಲವು ವರ್ಷ ಒಂದೇ ರೂಮಿನ ಮನೆಯಲ್ಲಿ ಒಬ್ಬಳೇ ಇದ್ದವಳು. ಆಗ ಇವನ್ನೆಲ್ಲ ಸಿಕ್ಕಾಪಟ್ಟೆ ನೋಡಿದ್ದೇನೆ. ನೋಡ್ತಾ ನೋಡ್ತಾ ಒಂದು ಚಟ ಹತ್ತಿತು. ಡೇಟ್ ಹಾಳಾಗಿ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅವಳು ಯಾರಿಗೆ ಫೋನ್ ಮಾಡುತ್ತಾಳೆ ಅಂತ ಗಮನಿಸುವುದು. ಅಸಲಿ ಕಥೆ ಇರುವುದು ಅಲ್ಲಿ.

‘ಸೆಕ್ಸ್ ಅಂಡ್ ದಿ ಸಿಟಿ’ ತೆರೆಗೆ ಮೊದಲು ಬಂದಿದ್ದು ಟಿವಿ ಸೀರೀಸ್ ಆಗಿ, 1998ರಿಂದ 2004ರವರೆಗೆ, ಆದರೂ ಅದನ್ನು ಬಿಟ್ಟು ಈ ವಿಷಯ ಮಾತಾಡುವ ಹಾಗೇ ಇಲ್ಲ. ಒಂದು ಅಂಕಣ ಬರೆದುಕೊಂಡು ನ್ಯೂಯಾರ್ಕಿನಲ್ಲಿ ಅಷ್ಟೊಂದು ಬಟ್ಟೆ ಹೇಗಪ್ಪಾ ಕೊಳ್ಳುತ್ತಾಳೆ ಈ ಕ್ಯಾರಿ ಅಂತ ಎಲ್ಲರೂ ಆಡಿಕೊಳ್ಳುತ್ತಾರೆ. ನಾಲ್ಕನೇ ಸೀಸನ್ ಮುಗಿಯುವ ಹೊತ್ತಿಗೆ ಲೆಕ್ಕಾಚಾರ ಬರುತ್ತದೆ, ನೋಡಿ. ಮದುವೆ ಮಾತು ಮುರಿದಿದೆ, ಇರುವ ಮನೆ ಉಳಿಸಿಕೊಳ್ಳಲು ಮುಂಗಡ ಕಟ್ಟಬೇಕು, ಬ್ಯಾಂಕಿನವರು ಸಾಲ ಕೊಡಲ್ಲ ಅಂದಿದ್ದಾರೆ, ಶೂಗಳಿಗೇ 40,000 ಡಾಲರ್ ಸುರಿದಿದ್ದೇನೆ ಅನ್ನುವುದು ಅವಳಿಗೆ ಆಗ ಹೊಳೆಯುತ್ತದೆ. ಹಳೇ ಪ್ರೇಮಿ ಚೆಕ್ ಕೊಡುತ್ತಾನೆ, ಅದನ್ನು ಹರಿದು ಹಾಕುತ್ತಾಳೆ. ಕೊನೆಗೆ ಕೈ ಹಿಡಿಯುವುದು ಗೆಳತಿ ಶಾರ್ಲೆಟ್‌ಳ ಉಂಗುರ, ಅದೂ ಅವಳ ಮುರಿದುಬಿದ್ದ ಮದುವೆಯದ್ದು. ಅದಕ್ಕೂ ಮೊದಲು ‘ನೀನ್ಯಾಕೆ ದುಡ್ಡು ಕೊಡ್ತೀನಿ ಅನ್ನಲಿಲ್ಲ’ ಅಂತ ಇಬ್ಬರಿಗೂ ಜಗಳ ಬೇರೆ ಆಗುತ್ತದೆ! ಗೆಳತಿಯರ ಮಧ್ಯೆ ದುಡ್ಡಿನ ವಿಷಯ ಎಷ್ಟು ಮುಜುಗರ ಅನ್ನುವುದನ್ನು ಇಷ್ಟು ನೇರವಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಲಂಡನ್ನಿನ ‘ಬ್ರಿಜೆಟ್ ಜೋನ್ಸಸ್ ಡೈರಿ’ (2001) ನನಗೆ ಇನ್ನೂ ಜಾಸ್ತಿ ಇಷ್ಟ. ಕಥೆಯ ಎಲುಬು ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯದ್ದು. ಅದೇ ಕಾದಂಬರಿಯ 1995ರ ಟಿವಿ ಸೀರೀಸ್‌ನಲ್ಲಿ ನಾಯಕ ಡಾರ್ಸಿ ಆಗಿದ್ದ ಕಾಲಿನ್ ಫರ್ತ್ ಇಲ್ಲೂ ಡಾರ್ಸಿಯೇ, ಅದೊಂದು ತಮಾಷೆ. ಅವನು ಚೆನ್ನಾಗೇ ಇದ್ದಾನೆ, ಬಿಡಿ. ಆದರೆ ನನಗೆ ನೆನಪು ಉಳಿದಿರುವುದು ನೀಲಿ ಸೂಪ್. ಸೊಪ್ಪು ಕಟ್ಟಿದ್ದ ದಾರದ ಬಣ್ಣ ಬಿಟ್ಟು ಅಡುಗೆ ಎಲ್ಲಾ ಎಕ್ಕುಟ್ಟಿ ಹೋಗಿರುತ್ತದೆ, ಸ್ನೇಹಿತರು ಅದನ್ನೇ ತಿಂದು, ಅಡುಗೆ ಬಾರದ ಬ್ರಿಜೆಟ್‌ಳನ್ನು ಇರುವ ಹಾಗೇ ಇಷ್ಟಪಡುತ್ತೇವೆ ಅಂತ ಗ್ಲಾಸ್ ಎತ್ತುತ್ತಾರೆ.

ಇವು ಸುಳ್ಳು ಹೇಳುವುದು ಜಾಸ್ತಿ ಕೊನೆಯ ಹತ್ತು ನಿಮಿಷದಲ್ಲಿ. ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ (1989) ಗೊತ್ತಲ್ವಾ? ನೋರಾ ಎಫ್ರಾನ್ ಮೊದಲು ಬರೆದಾಗ ಅವರಿಬ್ಬರೂ ಒಂದಾಗುವುದಿಲ್ಲ. ಶೂಟಿಂಗ್ ಸಮಯದಲ್ಲಿ ನಿರ್ದೇಶಕ ರಾಬ್ ರೈನರ್‌ಗೇ ಪ್ರೀತಿ ಆಗಿ, ಕ್ಲೈಮ್ಯಾಕ್ಸ್ ಬದಲಾಯಿತು. ಅವರಿಗೆ ಒಳ್ಳೆಯದಾಯಿತು, ನನಗೂ ಆ ಕ್ಲೈಮ್ಯಾಕ್ಸ್ ನೋಡಿದಾಗಲೆಲ್ಲ ಕಣ್ಣು ತುಂಬುತ್ತದೆ, ಆದರೂ ಮೊದಲಿನದ್ದೇ ನಿಜಕ್ಕೆ ಹತ್ತಿರ ಇತ್ತೇನೋ.

‘ಹೌ ಟು ಬಿ ಸಿಂಗಲ್’ (2016) ನಡುವೆ ಸ್ವಲ್ಪ ಎಳೆದಾಡುತ್ತದೆ. ಆದರೆ ಕೊನೆಯಲ್ಲಿ ಹುಡುಗಿ ಒಬ್ಬಳೇ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗಿ ಸೂರ್ಯೋದಯ ನೋಡುತ್ತಾಳೆ. ಅಷ್ಟಕ್ಕಾದರೂ ನೋಡಬಹುದು.

ಒಂದನ್ನೇ ನೋಡುತ್ತೇನೆ ಅಂದರೆ ‘ಫ್ರಾನ್ಸಿಸ್ ಹಾ’ (2012) ನೋಡಿ. ಕಪ್ಪು ಬಿಳುಪು, ಡೇಟಿಂಗ್ ಕಮ್ಮಿ. ಅಲ್ಲಿ ದೂರ ಆಗುವುದು ಪ್ರೇಮಿಯಲ್ಲ, ಜೀವದ ಗೆಳತಿ. ಊರೆಲ್ಲ ಅವರಿವರ ಮನೆಯಲ್ಲಿ ಇದ್ದು ಇದ್ದು, ಕೊನೆಗೆ ತನ್ನದೇ ಅಂತ ಒಂದು ಪುಟ್ಟ ಮನೆ ಸಿಗುತ್ತದೆ. ಅಂಚೆ ಡಬ್ಬಿಯ ಕಿಂಡಿಯಲ್ಲಿ ಅವಳ ಪೂರ್ತಿ ಹೆಸರು ಹಿಡಿಸುವುದಿಲ್ಲ. ಚೀಟಿ ಮಡಚಿ ಹಿಡಿದಷ್ಟು ತೂರಿಸುತ್ತಾಳೆ. ಸಿನಿಮಾದ ಹೆಸರು ಬಂದಿದ್ದು ಅದರಿಂದಲೇ.